ಮೇಸ್ತ್ರಿಯ ಗಂಟಲು ರಿಪೇರಿ

ತನ್ನ ಗೊರಕೆಯ ಬಗ್ಗೆ ಮೇಸ್ತ್ರಿಗೆ ಯಾವ ತಕರಾರೂ ಇರಲಿಲ್ಲ. ಅದನ್ನು ಅವನು ಜನ್ಮದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ತಕರಾರು ಇದ್ದದ್ದೆಲ್ಲ ಬೇರೆಯವರಿಗೆ: ಗೋಡೆಯಾಚೆಯ ಮನೆಯವರಿಗೆ, ಮೇಲಿನ ಮಹಡಿಯ ಬಾಡಿಗೆದಾರನಿಗೆ, ಮೊದಲು ಇವರ ಬಾಗಿಲಲ್ಲೇ ಮಲಗುತ್ತಿದ್ದು ಈಗ ಎದುರು ಸಾಲಿಗೆ ವಾಸ್ತವ್ಯ ಬದಲಿಸಿದ ಬೀದಿನಾಯಿಗೆ, ಮತ್ತು ಎಲ್ಲರಿಗಿಂತ ಹೆಚ್ಚಾಗಿ ಅವನ ಹೆಂಡತಿಗೆ.

ಹೆಂಡತಿ ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಬೀದಿಗೆಲ್ಲ ಅವರು ಟೀಚರು. (ಆ ಮನೆಯಲ್ಲಿ ಬಹುವಚನ ಅವರೊಬ್ಬರಿಗೇ ಮೀಸಲು, ನಾವೂ ಹಾಗೇ ನಡೆದುಕೊಳ್ಳುವುದು ಕ್ಷೇಮ.) ಇಪ್ಪತ್ತಮೂರು ವರ್ಷ ಅವರು ಆ ಗೊರಕೆಯ ಪಕ್ಕದಲ್ಲೇ ಮಲಗಿ, ಎದ್ದು, ಪಾಠ ಮಾಡಿ, ಸಂಸಾರ ಮಾಡಿದ್ದರು. ಮಗಳು ಓದಲು ಹಾಸ್ಟೆಲ್ಲಿಗೆ ಹೊರಟ ದಿನ ಅವಳನ್ನು ಬಸ್ಸು ಹತ್ತಿಸಿ, ಕಣ್ಣೊರೆಸಿಕೊಂಡು ಮನೆಗೆ ಬಂದವರೇ ತಮ್ಮ ದಿಂಬು ಎತ್ತಿಕೊಂಡು ಮಗಳ ಕೋಣೆಗೆ ನಡೆದರು. "ಒಂದು ವಾರ ನಿದ್ದೆ ಮಾಡಿ ಬರ್ತೀನಿ ಕಣ್ರೀ" ಎಂದರು. ಆ ವಾರಕ್ಕೆ ಈಗ ಮೂರು ವರ್ಷ ತುಂಬಿತ್ತು.

ಮೇಸ್ತ್ರಿಯ ನಿಜವಾದ ಸಂಕಟ ಇದು. ಹಗಲೆಲ್ಲ ಅವರಿವರ ಮನೆಯ ಸಿಂಕಿನ ಕೆಳಗೆ ತಲೆ ತೂರಿಸಿ, ಕೊಳಾಯಿ ಬಿಚ್ಚಿ, ಮೋರಿ ಕೆದಕಿ ಬರುವ ಮನುಷ್ಯ. ದೀಪ ಆರಿಸಿದ ಮೇಲೆ ಹೆಂಡತಿಯ ಜೊತೆ ಹತ್ತು ನಿಮಿಷ ಹರಟುವುದೇ ಅವನಿಗೆ ದಿನದ ದೊಡ್ಡ ಸುಖವಾಗಿತ್ತು. ಯಾರ ಮನೆಯ ಪೈಪಿನಿಂದ ಏನು ಹೊರಬಿತ್ತು ಎಂದು ಅವನು ಹೇಳಬೇಕು, "ಥೂ, ಸಾಕು ಮಾಡ್ರೀ" ಎಂದು ಅವರು ನಗಬೇಕು. ಈಗ ಆ ಕಥೆಗಳನ್ನು ಬೀರುವಿಗೆ ಹೇಳಿಕೊಳ್ಳಬೇಕಾಗಿತ್ತು. ಅವನಿಗೆ ಹೆಂಡತಿ ವಾಪಸು ಕೋಣೆಗೆ ಬರಬೇಕಿತ್ತು. ಅದಕ್ಕಾಗಿ ಏನು ಬೇಕಾದರೂ ಮಾಡಲು ತಯಾರಿದ್ದ, ಸರಿಯಾದದ್ದೊಂದನ್ನು ಬಿಟ್ಟು.

ಒಂದು ಭಾನುವಾರ ಬೆಳಿಗ್ಗೆ ಟೀಚರು ಕಾಫಿ ಲೋಟದ ಪಕ್ಕದಲ್ಲಿ ಫೋನು ಇಟ್ಟು ಗುಂಡಿ ಒತ್ತಿದರು. ಹಳೆಯ ಲಾರಿಯೊಂದು ಏರುದಾರಿಯಲ್ಲಿ ಗೇರು ಬದಲಿಸುತ್ತಿರುವ ಸದ್ದು ಬಂತು.

"ಇದೇನು?"

"ನೀವು."

ಮೇಸ್ತ್ರಿಗೆ ನಾಚಿಕೆಯಾಗಬೇಕಾಗಿತ್ತು. ಆಗಲಿಲ್ಲ. ಅವನೊಳಗಿನ ಕಸುಬುದಾರ ಎದ್ದು ಕೂತುಬಿಟ್ಟ. ಊರಲ್ಲಿ ಅವನಿಗಿದ್ದ ಹೆಸರೆಲ್ಲ ಅವನ ಕಿವಿಯಿಂದ ಬಂದದ್ದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗೆ ಒತ್ತಿ, ಹಿಡಿಗೆ ಕಿವಿ ಕೊಟ್ಟು, ಕಣ್ಣು ಮುಚ್ಚಿ, "ಇಲ್ಲಿಂದ ಎರಡೂವರೆ ಅಡಿ ಕೆಳಗೆ, ಪೈಪು ತಿರುಗೋ ಬೆಂಡಿನಲ್ಲಿ" ಎಂದು ಹೇಳಿದರೆ ಬ್ಲಾಕು ಅಲ್ಲೇ ಇರುತ್ತಿತ್ತು. ಅನುಮಾನಪಟ್ಟು ಬೇರೆ ಕಡೆ ಗೋಡೆ ಒಡೆಸಿದವರು ಆಮೇಲೆ ಎರಡು ಕಡೆ ಸಿಮೆಂಟು ಮೆತ್ತಿಸಿದ್ದರು. ಈಗ ಅವನು ಫೋನಿಗೇ ಆ ಕಿವಿ ಕೊಟ್ಟ. ತಲೆದೂಗಿದ. ನಡುವೆ ಸದ್ದು ಇದ್ದಕ್ಕಿದ್ದಂತೆ ನಿಂತಿತು.

"ರೆಕಾರ್ಡು ನಿಂತುಹೋಯ್ತಾ?"

"ರೆಕಾರ್ಡು ನಿಂತಿಲ್ಲ. ನಿಂತಿದ್ದು ನೀವು." ಟೀಚರು ಗೋಡೆ ಗಡಿಯಾರ ನೋಡುತ್ತಿದ್ದರು. "ಹದಿನೆಂಟು... ಹತ್ತೊಂಬತ್ತು... ಇಪ್ಪತ್ತು..."

ಇಪ್ಪತ್ತಾರಕ್ಕೆ ಫೋನಿನೊಳಗೆ ಯಾರೋ ಬಾವಿಯಿಂದ ಮೇಲೆದ್ದವರಂತೆ ಹ್ಹಾ ಎಂದು ಉಸಿರೆಳೆದರು. ಲಾರಿ ಮತ್ತೆ ಹೊರಟಿತು.

"ಗೊತ್ತಾಯ್ತು ಬಿಡು" ಎಂದ ಮೇಸ್ತ್ರಿ, ಕಾಫಿ ಗುಟುಕರಿಸಿ. "ಮೇಲಿನ ಬೆಂಡಲ್ಲಿ ಬ್ಲಾಕು. ಕಿರುನಾಲಿಗೆ ಹತ್ರ. ಅಲ್ಲಿ ಇಷ್ಟು ಕತ್ತರಿಸಿ ತೆಗೆದ್ರೆ ಲೈನ್ ಕ್ಲಿಯರ್."

"ಉಸಿರು ನಿಲ್ತಿದೆ ಅಂತಿದ್ದೀನಿ ಕಣ್ರೀ!"

"ಬ್ಲಾಕಾದ್ರೆ ನಿಲ್ದೆ ಇನ್ನೇನು ಮಾಡುತ್ತೆ?"

ಹಾಗೆ ಅವರು ಡಾಕ್ಟರಮ್ಮನ ಹತ್ತಿರ ಹೋದರು. ಡಾಕ್ಟರಮ್ಮ ಸಣ್ಣ ಧ್ವನಿಯ, ದಪ್ಪ ಕನ್ನಡಕದ, ಯಾವುದಕ್ಕೂ ಅವಸರ ಪಡದ ಹೆಂಗಸು. ಮೊದಲು ಒಂದು ರಾತ್ರಿ ಆಸ್ಪತ್ರೆಯಲ್ಲೇ ಮಲಗಿಸಿ, ತಲೆಗೆ, ಎದೆಗೆ, ಕಾಲಿಗೆ, ಮೂಗಿಗೆ ವೈರು ಅಂಟಿಸಿ ನೋಡಿದರು. ಗಂಟೆಗೆ ನಲವತ್ತೊಂದು ಸಲ ಉಸಿರು ಕಟ್ಟುತ್ತಿದೆ ಎಂದು ಕಾಗದ ಬಂತು. ಟೀಚರು ಅದನ್ನು ಎಂಟು ಗಂಟೆಗೆ ಗುಣಿಸಿ ಅಲ್ಲೇ ಕುರ್ಚಿ ಹಿಡಿದುಕೊಂಡರು.

"ಇದಕ್ಕೆ ಮೊದಲ ಮದ್ದು ಒಂದು ಗಾಳಿ ಮೆಷಿನ್ನು" ಎಂದರು ಡಾಕ್ಟರಮ್ಮ. "ಮೂಗಿಗೆ ಮಾಸ್ಕ್ ಹಾಕ್ಕೊಂಡು ಮಲಗೋದು. ಗಾಳಿಯ ಒತ್ತಡಕ್ಕೆ ಗಂಟಲು ಮುಚ್ಚಿಕೊಳ್ಳಲ್ಲ. ಆಪರೇಷನ್ನೇ ಬೇಕು ಅಂದ್ರೆ ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆ ಇದೆ. ಮದ್ದು ಕೊಟ್ಟು ನಿದ್ದೆ ಬರಿಸಿ, ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಮಲಗಿದಾಗ ಎಲ್ಲೆಲ್ಲಿ ಮುಚ್ಚಿಕೊಳ್ಳುತ್ತೆ ಅಂತ ನೋಡ್ಬೇಕು. ಅದು ನೋಡದೆ ಕತ್ತರಿ ಹಾಕಿದ್ರೆ ಗುಣ ಆಗಬಹುದು, ಆಗದೇನೂ ಇರಬಹುದು."

ಮೇಸ್ತ್ರಿ ಮುಗುಳ್ನಕ್ಕ. ಇಂಥ ನಗೆಯನ್ನು ಅವನು ಕಸುಬು ಬಾರದವರಿಗೆಂದೇ ಇಟ್ಟುಕೊಂಡಿದ್ದ. "ಡಾಕ್ಟ್ರೇ, ಬ್ಲಾಕು ತೆಗೀರಿ ಅಂತ ಬಂದ್ರೆ ಪಂಪು ಕೂರಿಸ್ತೀನಿ ಅಂತೀರಲ್ಲ. ನಾನು ಯಾರ ಮನೇಲಾದ್ರೂ ಹೀಗಂದ್ರೆ ಸ್ಪ್ಯಾನರ್ ಕಿತ್ಕೊಂಡು ಓಡಿಸ್ತಾರೆ. ಎಲ್ಲಿ ಮುಚ್ಚಿಕೊಳ್ಳುತ್ತೆ ಅಂತ ನಾನೇ ಕೇಳಿದ್ದೀನಿ."

"ಕೇಳಿದ್ದೀರಾ?"

"ಇವಳ ಫೋನಲ್ಲಿ."

ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮೇಸ್ತ್ರಿಗಳೇ, ನಿಮ್ಮ ಪೈಪು ನಿದ್ದೆ ಮಾಡುತ್ತಾ?" ಎಂದು ಕೇಳಿದರು. ಆ ಪ್ರಶ್ನೆಯನ್ನು ಮೇಸ್ತ್ರಿ ಕಿವಿ ಮೇಲೆ ಹಾಕಿಕೊಳ್ಳಲಿಲ್ಲ.

ಟೀಚರಿಗೆ ಹೇಳದೆ ಅವನು ಬೇರೊಂದು ಆಸ್ಪತ್ರೆ ಹುಡುಕಿದ. ಅಲ್ಲಿನ ಸರ್ಜನ್ನು ಟಾರ್ಚು ಬಿಟ್ಟು ಬಾಯೊಳಗೆ ನೋಡಿ, ಅಂಗುಳು ಜೋತುಬಿದ್ದಿದೆ, ಕಿರುನಾಲಿಗೆಯೂ ಉದ್ದ ಇದೆ, ಹೌದು ಎಂದರು. ಬಾಯಿ ತೆರೆಸಿ ನೋಡಿದರೆ ಯಾರಿಗಾದರೂ ಕಾಣುವ ಸತ್ಯ ಅದು. "ಆದರೆ ನಿದ್ದೆ ಬರಿಸಿ ಕ್ಯಾಮೆರಾ ಬಿಟ್ಟು ನೋಡಿದ್ದಾರಾ?" ಎಂದು ಅವರೂ ಕೇಳಿದರು.

"ಓ, ಪೂರ್ತಿ ನೋಡಿದ್ದಾರೆ. ತಜ್ಞರು ನೋಡಿದ್ದಾರೆ. ಬ್ಲಾಕು ಮೇಲೊಂದೇ ಕಡೆ ಅಂತ ಖಡಾಖಂಡಿತವಾಗಿ ಹೇಳಿದ್ದಾರೆ" ಎಂದ ಮೇಸ್ತ್ರಿ. ಆ ತಜ್ಞರು ಯಾರು ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತು ವರ್ಷದ ಅನುಭವದ ಪ್ಲಂಬರನ್ನು ತಜ್ಞ ಎನ್ನದೆ ಇನ್ನೇನು ಅನ್ನುವುದು ಎಂದು ಅವನ ಆತ್ಮಸಾಕ್ಷಿ ಅವನಿಗೆ ಸಮಾಧಾನ ಹೇಳಿತ್ತು.

ಶಸ್ತ್ರಚಿಕಿತ್ಸೆ ಎಂಬ ಆ ಮಹಾಕಾರ್ಯ ನಿರ್ವಿಘ್ನವಾಗಿ ನಡೆಯಿತು. ಸರ್ಜನ್ನರ ಕೈಯಲ್ಲಿ ಏನೂ ತಪ್ಪಿರಲಿಲ್ಲ; ಎಷ್ಟು ಕತ್ತರಿಸಬೇಕಿತ್ತೋ ಅಷ್ಟು ಕತ್ತರಿಸಿ, ಎಲ್ಲಿ ಹೊಲಿಯಬೇಕಿತ್ತೋ ಅಲ್ಲಿ ಹೊಲಿದಿದ್ದರು. ಆಮೇಲಿನ ಹದಿನೈದು ದಿನ ಮೇಸ್ತ್ರಿಗೆ ಎಂಜಲು ನುಂಗಿದರೂ ಕಣ್ಣಲ್ಲಿ ನೀರು. ಮಾತು ಬಂದ್. ಹೊಟ್ಟೆಗೆ ತಣ್ಣನೆಯ ತೆಳು ಗಂಜಿ ಮತ್ತು ಐಸ್‌ಕ್ರೀಮು. ಬೇಕಾದ್ದನ್ನೆಲ್ಲ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಬರೆದು ತೋರಿಸುತ್ತಿದ್ದ. ಟೀಚರು ಕಾಗುಣಿತ ತಿದ್ದಿ, ಆಮೇಲೆ ತಂದುಕೊಡುತ್ತಿದ್ದರು. ತಮಗೆ ಹೇಳದೆ ಆಪರೇಷನ್ನಿಗೆ ದಿನ ಗೊತ್ತುಮಾಡಿಕೊಂಡದ್ದಕ್ಕೆ ಅವರಿಗೆ ಕೆಂಡದಂಥ ಕೋಪ ಬಂದಿತ್ತು. ಆದರೆ ಬಾಯಿ ಬಿಡಲಾಗದವನ ಜೊತೆ ಜಗಳವಾಡಿ ಏನು ಸುಖ ಎಂದು ಅದನ್ನು ಮುಂದೂಡಿದ್ದರು.

ಇಷ್ಟೆಲ್ಲ ಆದ ಮೇಲೆ ಗೊರಕೆ ನಿಂತಿತು.

ನಿಂತಿತು ಅಂದರೆ ನಿಂತೇಹೋಯಿತು. ಮೇಲಿನ ಬಾಡಿಗೆದಾರ ಕೆಳಗಿಳಿದು ಬಂದು, "ಎಲ್ಲ ಆರೋಗ್ಯ ತಾನೇ?" ಎಂದು ಕಿಟಕಿಯಲ್ಲಿ ಇಣುಕಿದ. ಒಂದು ಸಂಜೆ ಟೀಚರು ದಿಂಬು ತಂದು ಹಳೆಯ ಜಾಗದಲ್ಲಿಟ್ಟರು. ಮೇಸ್ತ್ರಿಗೆ ಗಂಟಲು ಕಟ್ಟಿ ಬಂತು. (ಹೊಲಿಗೆಯಿಂದಲ್ಲ.)

ಮರುದಿನದಿಂದ ಅವನನ್ನು ಹಿಡಿಯುವವರು ಯಾರೂ ಇರಲಿಲ್ಲ. ನಲ್ಲಿ ರಿಪೇರಿಗೆ ಕರೆದ ಮನೆಯಲ್ಲೆಲ್ಲ ವಾಷರು ಬದಲಿಸುವ ಮೊದಲು ಬಾಯಿ ತೆರೆದು ಕಾಮಗಾರಿ ತೋರಿಸಿದ. ಹೆಂಡತಿಯ ತಮ್ಮನನ್ನು ಕರೆದು ಕೂರಿಸಿ ಉಪದೇಶ ಮಾಡಿದ. ಈ ಭಾವಮೈದ ಸ್ಕೂಲ್ ಬಸ್ಸಿನ ಡ್ರೈವರು, ಅವನಿಗೂ ಗೊರಕೆಯ ಕಾಟ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ಪಾಪದ ಪ್ರಾಣಿ. ಅವನು ನೇರವಾಗಿ ಡಾಕ್ಟರಮ್ಮನ ಹತ್ತಿರ ಹೋಗಿ ಅವರು ಹೇಳಿದ ಪರೀಕ್ಷೆಯನ್ನೆಲ್ಲ ಮಾಡಿಸಿಕೊಂಡ. ಅವನಿಗೆ ಮುಚ್ಚಿಕೊಳ್ಳುತ್ತಿದ್ದದ್ದು ಒಂದೇ ಕಡೆ, ದಪ್ಪಗೆ ಬೆಳೆದ ಟಾನ್ಸಿಲ್ ಹತ್ತಿರ. ತೆಗೆಸಿಕೊಂಡ. ವಾಸಿಯಾಯಿತು. "ನೋಡ್ದ್ಯಾ, ನಾನು ಹೇಳ್ಲಿಲ್ವಾ?" ಎಂದು ಮೇಸ್ತ್ರಿ ಆ ಕೀರ್ತಿಯನ್ನೂ ತನ್ನ ಖಾತೆಗೇ ಹಾಕಿಕೊಂಡ.

ಗಂಜಿಯ ದಿನಗಳಲ್ಲಿ ಕಳೆದುಕೊಂಡದ್ದನ್ನು ತುಂಬಿಕೊಳ್ಳಬೇಕಲ್ಲ. ಮೂರು ತಿಂಗಳಲ್ಲಿ ಮೇಸ್ತ್ರಿ ಏಳು ಕೆಜಿ ಹೆಚ್ಚಾದ. ಸಿಂಕಿನ ಕೆಳಗೆ ತೂರುವುದು ಕಷ್ಟವಾಗತೊಡಗಿತು. ಅದಕ್ಕಿಂತ ವಿಚಿತ್ರವೆಂದರೆ, ತೂರಿದ ಮೇಲೆ ಹೊರಬರುವ ಮನಸ್ಸೇ ಆಗುತ್ತಿರಲಿಲ್ಲ. ಕಣ್ಣು ಎಳೆಯುತ್ತಿತ್ತು.

ಒಂದು ದಿನ ಮಧ್ಯಾಹ್ನ ದಂತವೈದ್ಯೆಯೊಬ್ಬರ ಅಡುಗೆಮನೆಯಲ್ಲಿ ಅದು ಆಗಿಯೇ ಹೋಯಿತು. ಸಿಂಕಿನ ಕೆಳಗಿನ ಕಪಾಟಿನಲ್ಲಿ ತಲೆಯಿಂದ ಎದೆಯವರೆಗೆ ಒಳಗೆ, ಕಾಲೆರಡೂ ಹೊರಗೆ. ಕೈಯಲ್ಲಿ ರೆಂಚು. ಹತ್ತು ನಿಮಿಷ ಸದ್ದಿಲ್ಲ. ಇಪ್ಪತ್ತು ನಿಮಿಷ ಸದ್ದಿಲ್ಲ. ಆ ಅಮ್ಮ ಬಂದು ಕೂಗಿದರು, ಕಾಲು ಅಲುಗಾಡಿಸಿದರು. ಮೊದಲಾಗಿದ್ದರೆ ಗೊರಕೆ ಕೇಳಿ ಮಲಗಿದ್ದಾನೆ ಎಂದು ಬೈದು ಎಬ್ಬಿಸುತ್ತಿದ್ದರು. ಈಗ ಗೊರಕೆಯೂ ಇಲ್ಲ, ಉಸಿರೂ ಇಲ್ಲ. ಅಕ್ಕಪಕ್ಕದವರು ಓಡಿ ಬಂದರು. ಯಾರೋ ಆಂಬುಲೆನ್ಸಿಗೆ ಫೋನು ಮಾಡಿದರು, ಇನ್ನಾರೋ ಪಾಪ ಒಳ್ಳೆ ಕೆಲಸಗಾರ ಎಂದು ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮೃತರು ಹ್ಹಾ ಎಂದು ಉಸಿರೆಳೆದು, ಎದ್ದು ಕೂರಲು ಹೋಗಿ, ಸಿಂಕಿನ ತಳಕ್ಕೆ ಹಣೆ ಗಟ್ಟಿಸಿಕೊಂಡು, "ವಾಷರ್ ಹೋಗಿದೆ" ಎಂದು ವರದಿ ಒಪ್ಪಿಸಿದರು.

ಹಣೆಯ ಮೇಲೆ ಊದಿಕೊಂಡ ಬೋರೆ ನೋಡಿ ಟೀಚರು ಆವತ್ತು ರಾತ್ರಿ ಮಲಗಲಿಲ್ಲ. ಗಡಿಯಾರ ಹಿಡಿದು ಪಕ್ಕದಲ್ಲಿ ಕೂತರು. ಮನೆ ನಿಶ್ಶಬ್ದವಾಗಿತ್ತು. ಆ ನಿಶ್ಶಬ್ದದೊಳಗೆ ಮೇಸ್ತ್ರಿಯ ಎದೆ ಏಳುತ್ತಿತ್ತು, ಇಳಿಯುತ್ತಿತ್ತು, ಮತ್ತೆ ಏಳದೆ ಹಾಗೇ ಇರುತ್ತಿತ್ತು. ಇಪ್ಪತ್ತೆಂಟು ಸೆಕೆಂಡು. ಮೂವತ್ತೊಂದು ಸೆಕೆಂಡು. ಅಲುಗಾಡಿಸಿ ಎಬ್ಬಿಸಿದರೆ "ಏನೇ?" ಎಂದು ಗೊಣಗಿ ಮಲಗುತ್ತಿದ್ದ. ಹೀಗೆ ಹತ್ತು ರಾತ್ರಿ ಕಳೆಯಿತು. ಹನ್ನೊಂದನೆಯ ದಿನ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ ತಿರುಗಿ ನೋಡಿದರೆ ಟೀಚರು ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದರು. ಹುಡುಗಿ ಒಳ್ಳೆಯವಳು, ಎಲ್ಲರಿಗೂ ಸುಮ್ಮನಿರುವಂತೆ ಸನ್ನೆ ಮಾಡಿ ಇನ್ನೊಂದು ಲೆಕ್ಕ ಬಿಡಿಸಿದಳು.

ಅಂದು ಸಂಜೆ ದಿಂಬು ಮತ್ತೆ ಮಗಳ ಕೋಣೆ ಸೇರಿತು.

"ಈಗೇನೇ ನಿಂದು? ಗೊರಕೆ ಎಲ್ಲಿದೆ ತೋರ್ಸು!" ಎಂದು ಮೇಸ್ತ್ರಿ ಬಾಗಿಲಲ್ಲಿ ನಿಂತು ಕೂಗಾಡಿದ.

"ಗೊರಕೆ ಇಲ್ಲ. ಉಸಿರೂ ಇಲ್ಲ. ಪಕ್ಕದಲ್ಲಿದ್ರೆ ಎಣಿಸ್ತಾ ಕೂರ್ತೀನಿ. ನನ್ನ ಕೈಲಿ ಇನ್ನು ಎಣಿಸಕ್ಕಾಗಲ್ಲ ಕಣ್ರೀ. ಡಾಕ್ಟರಮ್ಮ ಹೇಳಿದ ಪರೀಕ್ಷೆ ಮಾಡಿಸಿ. ಅವರು ಹೇಳಿದ್ದು ಕೇಳಿ. ಆಮೇಲೆ ಬರ್ತೀನಿ."

ಹೀಗೆ ಬಾಲ ಮುದುರಿಕೊಂಡು ಮೇಸ್ತ್ರಿ ಡಾಕ್ಟರಮ್ಮನ ಮುಂದೆ ಹೋಗಿ ಕೂತ. ಅವರು ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ವಾಸಿಯಿತ್ತು.) ನಿದ್ದೆ ಬರಿಸಿ, ಕ್ಯಾಮೆರಾ ಇಳಿಸಿ ನೋಡಿ, ಎಚ್ಚರವಾದ ಮೇಲೆ ಗಂಡಹೆಂಡಿರಿಬ್ಬರಿಗೂ ಪರದೆಯ ಮೇಲೆ ತೋರಿಸಿದರು.

"ಇದು ಮೇಲಿನ ಭಾಗ. ನೋಡಿ, ಚೆನ್ನಾಗಿ ತೆರೆದುಕೊಂಡಿದೆ. ಆಪರೇಷನ್ನು ಚೆನ್ನಾಗೇ ಆಗಿದೆ. ಅಲ್ಲಿ ಪಟಪಟ ಬಡಿದುಕೊಳ್ಳೋಕೆ ಏನೂ ಉಳಿದಿಲ್ಲ, ಅದಕ್ಕೇ ಸದ್ದಿಲ್ಲ. ಈಗ ಕೆಳಗೆ ಬನ್ನಿ. ಇದು ನಾಲಿಗೆಯ ಬುಡ."

ಪರದೆಯ ಮೇಲೆ ಕೆಂಪನೆಯದೊಂದು ಗುಡ್ಡ ನಿಧಾನವಾಗಿ ಹಿಂದಕ್ಕೆ ವಾಲಿ, ದಾರಿಯನ್ನು ಪೂರ್ತಿಯಾಗಿ ಮುಚ್ಚಿ ಕೂತಿತು.

ಮೇಸ್ತ್ರಿ ಮುಂದಕ್ಕೆ ಬಾಗಿದ. ಅವನ ಮುಖದಲ್ಲಿ ರೋಗಿಯ ಗಾಬರಿಯಿರಲಿಲ್ಲ, ಕಸುಬುದಾರನ ಅವಮಾನವಿತ್ತು. "ಎರಡನೇ ಬ್ಲಾಕು" ಎಂದ ಪಿಸುಮಾತಿನಲ್ಲಿ.

"ಎಚ್ಚರವಾಗಿದ್ದಾಗ ನಾಲಿಗೆ ಬಿಗಿಯಾಗಿ ತನ್ನ ಜಾಗದಲ್ಲಿರುತ್ತೆ. ಟಾರ್ಚು ಬಿಟ್ಟು ನೋಡಿದ್ರೆ ಕಾಣಲ್ಲ. ಕಿವಿಗಂತೂ ಕೇಳಲ್ಲ, ಪೂರ್ತಿ ಮುಚ್ಚಿದ ಮೇಲೆ ಸದ್ದೆಲ್ಲಿಂದ ಬರ್ಬೇಕು? ಮಲಗಿದಾಗ ಸಡಿಲವಾಗುತ್ತೆ, ಅಂಗಾತ ಮಲಗಿದ್ರೆ ಇನ್ನೂ ಹಿಂದಕ್ಕೆ ಬೀಳುತ್ತೆ. ಅದರ ಮೇಲೆ ಏಳು ಕೆಜಿ ಏರಿದ್ದೀರಿ, ಕತ್ತಿನ ಸುತ್ತ ಕೊಬ್ಬು ಸೇರಿದೆ. ಒಂದು ಕಡೆ ದಾರಿ ಬಿಡಿಸಿ ಇನ್ನೊಂದು ಕಡೆ ಕಟ್ಟಿಕೊಂಡಿದ್ದೀರಿ ಮೇಸ್ತ್ರಿಗಳೇ."

"ನನ್ನ ತಮ್ಮನಿಗೆ ವಾಸಿಯಾಯ್ತಲ್ಲ ಡಾಕ್ಟ್ರೇ?" ಎಂದರು ಟೀಚರು.

"ಅವರಿಗೆ ಮುಚ್ಚಿಕೊಳ್ತಿದ್ದದ್ದು ಒಂದೇ ಕಡೆ. ಅದನ್ನ ನೋಡಿ ತೆಗೆದ್ವಿ. ಎಲ್ಲರ ಗಂಟಲೂ ಒಂದೇ ನಕ್ಷೆಯಲ್ಲಿ ಕಟ್ಟಿಲ್ಲವಲ್ಲ."

ತೀರ್ಪು ಹೊರಬಿತ್ತು. ಹತ್ತು ಕೆಜಿ ಇಳಿಸಬೇಕು, ಮಗ್ಗುಲಾಗಿ ಮಲಗಬೇಕು, ದಿನಾ ರಾತ್ರಿ ಗಾಳಿ ಮೆಷಿನ್ನು ಹಾಕಿಕೊಳ್ಳಬೇಕು. ಎಷ್ಟು ಹೊತ್ತು ಹಾಕಿಕೊಂಡರು, ಎಷ್ಟು ಸಲ ಉಸಿರು ಕಟ್ಟಿತು ಎಂದು ಮೆಷಿನ್ನೇ ಬರೆದಿಟ್ಟುಕೊಳ್ಳುತ್ತದೆ. ಎರಡು ವಾರದ ಮೇಲೆ ತಂದು ತೋರಿಸಬೇಕು. ಟೀಚರು ತಮ್ಮ ಕಡೆಯಿಂದ ಒಂದು ಷರತ್ತು ಸೇರಿಸಿದರು: ಏಳು ರಾತ್ರಿ ಬಿಡದೆ ಹಾಕಿಕೊಂಡದ್ದು ಕಾಗದದಲ್ಲಿ ಕಂಡರೆ ದಿಂಬು ವಾಪಸು.

ಮೇಸ್ತ್ರಿ ಪ್ರಯತ್ನಪಡಲಿಲ್ಲ ಎನ್ನುವಂತಿಲ್ಲ. ಮೊದಲ ರಾತ್ರಿ ಪಟ್ಟಿ ಬಿಗಿದು, ಮಾಸ್ಕು ಹಾಕಿ, ಕನ್ನಡಿ ನೋಡಿಕೊಂಡ. ಗ್ಯಾಸು ಸೋರಿದಾಗ ಬರುವ ಸಿಬ್ಬಂದಿಯಂತೆ ಕಂಡ. ಮಲಗಿದರೆ ಮೂಗಿನಿಂದ ಹೊಕ್ಕ ಗಾಳಿ ಬಾಯಿಂದ ಬುಸ್ಸೆಂದು ಹೊರಬಂತು. ಕೆನ್ನೆ ತುರಿಸಿತು. ಅದಕ್ಕಿಂತ ಹೆಚ್ಚಾಗಿ ಮರ್ಯಾದೆ ತುರಿಸಿತು: ಊರಿಗೆಲ್ಲ ಲೈನ್ ಕ್ಲಿಯರ್ ಮಾಡಿಕೊಡುವವನು ತನ್ನ ಲೈನಿಗೆ ಪಂಪು ಇಟ್ಟುಕೊಂಡು ಮಲಗುವುದೇ? ಹನ್ನೊಂದು ನಿಮಿಷಕ್ಕೆ ಕಿತ್ತಿಟ್ಟ. ಎರಡನೆಯ ರಾತ್ರಿ ಒಂಬತ್ತು ನಿಮಿಷ. ಮೂರನೆಯ ರಾತ್ರಿ ಹಾಕಿಕೊಳ್ಳುವ ಮೊದಲೇ ನಿದ್ದೆ ಬಂತು.

ಅದೇ ಸಮಯಕ್ಕೆ ಭಾವಮೈದನ ಹೆಂಡತಿ ತವರಿಗೆ ಹೋಗಿದ್ದಳು. ಅವನು ಊಟಕ್ಕೂ ನಿದ್ದೆಗೂ ಅಕ್ಕನ ಮನೆಗೇ ಬರುತ್ತಿದ್ದ. ಭಾವನ ಕೋಣೆಯಲ್ಲೇ ನೆಲದ ಮೇಲೆ ಹಾಸಿಗೆ. ಬಿದ್ದುಕೊಂಡ ಕೂಡಲೇ ನಿದ್ದೆ, ಹಸುಗೂಸಿನ ಉಸಿರಾಟ. ಅವನನ್ನು ನೋಡುತ್ತ ನೋಡುತ್ತ ಮೇಸ್ತ್ರಿಯ ತಲೆಯಲ್ಲಿ ಬಲ್ಬು ಹತ್ತಿತು.

"ಲೋ, ರಾತ್ರಿ ತಣ್ಣಗೆ ಗಾಳಿ ಬೇಕೇನೋ?"

"ಫ್ಯಾನ್ ಇದ್ಯಲ್ಲ ಭಾವ."

"ಫ್ಯಾನ್ ಎಲ್ರಿಗೂ ಬೀಸುತ್ತೆ. ಇದು ನಿನ್ನೊಬ್ಬನಿಗೇ."

ಭಾವಮೈದ ಮಾಸ್ಕನ್ನು ತಿರುಗಿಸಿ ತಿರುಗಿಸಿ ನೋಡಿದ. "ಅಕ್ಕನಿಗೆ ಗೊತ್ತಾದ್ರೆ?"

"ಮೆಷಿನ್ನು ಉಸಿರು ನೋಡುತ್ತೆ ಕಣೋ, ಮುಖ ನೋಡಲ್ಲ. ನಿಮ್ಮನೆ ಶವರು ಸರಿ ಮಾಡಿಕೊಡ್ತೀನಿ, ಹಾಕ್ಕೋ."

ಹಾಗೆ ಏಳು ರಾತ್ರಿ ಭಾವಮೈದ ಮೇಸ್ತ್ರಿಯ ಪರವಾಗಿ ಉಸಿರಾಡಿದ. ಬಹಳ ಚೆನ್ನಾಗಿ ಉಸಿರಾಡಿದ. ಮೇಸ್ತ್ರಿ ಪಕ್ಕದ ಮಂಚದಲ್ಲಿ ಎಂದಿನಂತೆ ಗಂಟೆಗೆ ನಲವತ್ತು ಸಲ ಸತ್ತು ಹುಟ್ಟುತ್ತ ಸುಖವಾಗಿ ಮಲಗಿದ್ದ.

ಎರಡು ವಾರ ಕಳೆದು ಡಾಕ್ಟರಮ್ಮನ ಮುಂದೆ ಕೂತಾಗ ಅವರ ಮುಖ ಅರಳಿತ್ತು. "ಮೊದಲ ಕೆಲವು ದಿನ ಏನೂ ಇಲ್ಲ. ಆಮೇಲೆ ಅದ್ಭುತ! ಏಳೂ ರಾತ್ರಿ ಆರೂವರೆ ಗಂಟೆಗೆ ಕಮ್ಮಿ ಇಲ್ಲ. ಉಸಿರು ಕಟ್ಟಿದ್ದು ಗಂಟೆಗೆ ಒಂದು ಸಲವೂ ಇಲ್ಲ. ಇಂಥ ಫಲಿತಾಂಶ ನಾನು ನೋಡೇ ಇಲ್ಲ ಮೇಸ್ತ್ರಿಗಳೇ."

ಮೇಸ್ತ್ರಿ ವಿನಯದಿಂದ ಪ್ಯಾಂಟಿನ ಮೇಲಿನ ಧೂಳು ಕೊಡವಿದ. "ಎಲ್ಲ ನಿಮ್ಮ ಕೈಗುಣ ಡಾಕ್ಟ್ರೇ."

ಟೀಚರು ಕೈ ಚಾಚಿ ಕಾಗದ ತೆಗೆದುಕೊಂಡರು. ಅಂಕಿಗಳನ್ನು ಕಂಡರೆ ಸುಮ್ಮನೆ ಬಿಡುವ ಜಾತಿಯಲ್ಲ ಅದು. ಬೆರಳಿಟ್ಟು ಒಂದೊಂದೇ ಸಾಲು ಇಳಿದರು. ಗುರುವಾರದ ಸಾಲಿನಲ್ಲಿ ಬೆರಳು ನಿಂತಿತು.

"ಡಾಕ್ಟ್ರೇ, ಈ ಗುರುವಾರ ರಾತ್ರಿ ಒಂದರಿಂದ ನಾಲ್ಕರ ತನಕ ಇವರು ಏನು ಮಾಡ್ತಿದ್ರು?"

ಡಾಕ್ಟರಮ್ಮ ಬಗ್ಗಿ ನೋಡಿದರು. "ಒಳ್ಳೇ ಗಾಢ ನಿದ್ದೆ. ಒಂದೇ ಸಮ ಉಸಿರಾಟ."

ಮೇಸ್ತ್ರಿಗೆ ನೆನಪಾಯಿತು. ಗುರುವಾರ ರಾತ್ರಿ ಒಂದು ಗಂಟೆಗೆ ಸಿನಿಮಾ ಟಾಕೀಸಿನ ನೆಲಮಾಳಿಗೆಯಲ್ಲಿ ದೊಡ್ಡ ಪೈಪು ಒಡೆದಿದೆ ಎಂದು ಮ್ಯಾನೇಜರು ಬಾಗಿಲು ಬಡಿದಿದ್ದ. ಬಾಗಿಲು ತೆರೆದದ್ದು ಟೀಚರು. ಟಾರ್ಚು ಹುಡುಕಿ ಕೈಗೆ ಕೊಟ್ಟದ್ದು ಟೀಚರು. ಸೊಂಟದ ತನಕ ನೆನೆದು ನಾಲ್ಕು ಗಂಟೆಗೆ ಬಂದಾಗ ಟವೆಲು ಕೊಟ್ಟದ್ದೂ ಟೀಚರೇ.

ಅವರು ತಿರುಗಿ ಗಂಡನನ್ನು ನೋಡಿದರು. ಅಕ್ಕಪಕ್ಕ ಕೂತ ಇಬ್ಬರು ಹುಡುಗರ ಪೇಪರಿನಲ್ಲಿ ಒಂದೇ ತಪ್ಪು ಉತ್ತರ ಸಿಕ್ಕಾಗ ನೋಡುವ ನೋಟ ಅದು.

ಮನೆಗೆ ಬಂದು ಚಪ್ಪಲಿ ಬಿಟ್ಟು, ಕಾಗದವನ್ನು ಊಟದ ಮೇಜಿನ ಮೇಲೆ ಹರಡಿ, ಟೀಚರು ಕೂತರು. ಕೂಗಾಡಬಹುದು ಎಂದು ಮೇಸ್ತ್ರಿ ಕಾದಿದ್ದ. ಅದಕ್ಕೆ ಉತ್ತರವೂ ಸಿದ್ಧವಾಗಿತ್ತು. ಅವರು ಕೂಗಾಡಲಿಲ್ಲ.

"ನೀವು ಮೋಸ ಮಾಡಿದ್ದು ಯಾರಿಗೆ ಗೊತ್ತೇನ್ರೀ?" ಎಂದರು. "ಇಪ್ಪತ್ತಮೂರು ವರ್ಷ ನಿಮ್ಮ ಗೊರಕೆ ಪಕ್ಕದಲ್ಲಿ ಮಲಗಿದವಳು ನಾನು. ಸದ್ದಿಗೆ ಹೆದರಿ ಓಡಿಹೋದೆ ಅಂದ್ಕೊಂಡಿದ್ದೀರಾ? ಸದ್ದು ನಿಲ್ಲುತ್ತಲ್ಲ, ಆಗ ಎಣಿಸಕ್ಕೆ ಶುರು ಮಾಡ್ತೀನಿ. ಹತ್ತು, ಇಪ್ಪತ್ತು, ಮೂವತ್ತು. ಒಂದು ದಿನ ಎಣಿಸ್ತಾನೇ ಹೋಗಿ, ಆ ಎಣಿಕೆ ಮುಗೀದೇ ಇದ್ರೆ? ನಾನು ಗಣಿತದವಳು. ಮುಗೀದೇ ಇರೋ ಎಣಿಕೆ ಅಂದ್ರೆ ಏನು ಅಂತ ನಂಗೆ ಗೊತ್ತು."

ಬದುಕಿನಲ್ಲಿ ಮೊದಲ ಸಲ ಮೇಸ್ತ್ರಿಗೆ ತನ್ನ ಬಗ್ಗೆಯೇ ನಾಚಿಕೆಯಾಯಿತು. ಮೇಜಿನ ಮೇಲಿನ ಅವರ ಕೈಯನ್ನು ಹಿಡಿದುಕೊಂಡ. "ಇವತ್ತಿಂದ ಹಾಕ್ಕೊಳ್ತೀನಿ ಕಣೇ. ನಿನ್ನಾಣೆ" ಎಂದ.

"ನನ್ನಾಣೆ ಬೇಡ. ಹಾಕ್ಕೊಳ್ಳಿ, ಸಾಕು."

ರಾತ್ರಿ ಊಟವಾದ ಮೇಲೆ ಭಾವಮೈದ ಅಕ್ಕನ ಕಣ್ಣು ತಪ್ಪಿಸಿ ಮೆಲ್ಲಗೆ ತನ್ನ ಮನೆಗೆ ಹೊರಟುಹೋದ. ಮೇಸ್ತ್ರಿ ಒಂಟಿಯಾಗಿ ಕೂತು ಪಟ್ಟಿ ಬಿಗಿದುಕೊಳ್ಳುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಟೀಚರು ಬಂದರು. ಕಂಕುಳಲ್ಲಿ ದಿಂಬು.

"ಇದೇನೇ, ನಾನಿನ್ನೂ ಏಳು ರಾತ್ರಿ..."

"ಕಾಪಿ ಹೊಡೆದು ಸಿಕ್ಕಿಬಿದ್ದವರನ್ನ ಒಂಟಿಯಾಗಿ ಬಿಡೋ ಪದ್ಧತಿ ನಮ್ಮಲ್ಲಿಲ್ಲ. ಮುಂದಿನ ಬೆಂಚಲ್ಲೇ ಕೂರಿಸ್ತೀವಿ" ಎಂದು ದಿಂಬು ಕೊಡವಿ ಹಾಕಿದರು. "ತಿರುಗಿ. ಮಗ್ಗುಲಾಗಿ. ಹೂಂ, ಹಾಗೆ."

ನೋಡಿ, ಎಂಥ ಚೋದ್ಯ! ಸರ್ಜನ್ನರ ಕತ್ತರಿಯಿಂದ ಆಗದ ಕೆಲಸ ಸಿಕ್ಕಿಬಿದ್ದ ಮೋಸದಿಂದ ಆಗಿತ್ತು. ಮೇಸ್ತ್ರಿಯ ಎದೆ ತುಂಬಿ ಬಂತು. ಎಷ್ಟು ದಿನದ ಕಥೆ ಬಾಕಿಯಿತ್ತು! ವಕೀಲರ ಮನೆಯ ಮೋರಿಯಲ್ಲಿ ಸಿಕ್ಕ ಹಲ್ಲಿನ ಸೆಟ್ಟಿಗೆ ಅಣ್ಣತಮ್ಮಂದಿರಿಬ್ಬರೂ ಹಕ್ಕು ಸಾಧಿಸಿದ್ದನ್ನು ಇನ್ನೂ ಹೇಳಿರಲಿಲ್ಲ. "ಕೇಳೇ, ಆ ವಕೀಲರ..." ಎಂದು ಬಾಯಿ ತೆರೆದ. ಬುಸ್ಸೆಂದು ಗಾಳಿ ಹೊರಟಿತು.

"ಬಾಯಿ ಮುಚ್ಚಿ. ಗಾಳಿ ಸೋರುತ್ತೆ. ಮಾತೆಲ್ಲ ಇವತ್ತು ನಂದು" ಎಂದು ಟೀಚರು ದೀಪ ಆರಿಸಿ, ಪಕ್ಕದಲ್ಲಿ ಮಲಗಿ, "ಸ್ಕೂಲಲ್ಲಿ ಇವತ್ತು ಏನಾಯ್ತು ಗೊತ್ತಾ" ಎಂದು ಶುರುಮಾಡಿದರು.

ಮೇಸ್ತ್ರಿ ಬಾಯಿ ಮುಚ್ಚಿಕೊಂಡ. ತಣ್ಣನೆಯ ಗಾಳಿ ಎಲ್ಲೂ ತಡೆಯಿಲ್ಲದೆ ಒಳಗಿಳಿಯಿತು.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ತಲೆ ಹಗುರ, ಮೈ ಹಗುರ. ಇಪ್ಪತ್ತೈದರ ಪ್ರಾಯದಲ್ಲಿ ಒಂದು ಭಾನುವಾರ ಹೀಗೆ ಎಚ್ಚರವಾದ ನೆನಪು. ಪಕ್ಕದ ದಿಂಬಿನಲ್ಲಿ ತಲೆಯ ಗುಳಿ ಹಾಗೇ ಇತ್ತು. ಅಡುಗೆಮನೆಯಿಂದ ಟೀಚರು ಸ್ಕೂಲಿನ ಹೆಡ್ ಮೇಡಂ ಜೊತೆ ಫೋನಿನಲ್ಲಿ ಮಾತಾಡುವುದು ಕೇಳುತ್ತಿತ್ತು.

"ಹೂಂ ಮೇಡಂ, ರಾತ್ರಿನೇ ಕೇಳಿದೆ. ನಮ್ಮ ಸ್ಕೂಲಿನ ಇಪ್ಪತ್ತೆಂಟು ನಲ್ಲಿ, ಹಿಂದಿನ ಟಾಯ್ಲೆಟ್ ಲೈನು, ಮೇಲಿನ ಟ್ಯಾಂಕು, ಎಲ್ಲ ಈ ರಜೆಯಲ್ಲಿ ಸೇವೆ ಅಂತ ಮಾಡಿಕೊಡ್ತೀರಾ ಅಂತ. ಒಂದು ಮಾತು ಎದುರಾಡಿಲ್ಲ! ಮೂರು ಸಲ ಕೇಳಿದೆ ಮೇಡಂ, ಮೂರು ಸಲಾನೂ ಒಂದು ಗೊಣಗಾಟ ಇಲ್ಲ. ನನ್ನ ಮಾತನ್ನ ಇಷ್ಟು ಸಮಾಧಾನವಾಗಿ ಅವರು ಕೇಳಿದ್ದು ಇದೇ ಮೊದಲು."

ಮೇಸ್ತ್ರಿ ದಡಬಡಿಸಿ ಎದ್ದ. ಮಾಸ್ಕಿನ ಕೊಳವೆ ಎಳೆದುಕೊಂಡೇ ಅಡುಗೆಮನೆ ಬಾಗಿಲಿಗೆ ಓಡಿದ. "ಯಾರು ಒಪ್ಪಿದ್ದು?" ಎಂದು ಅರಚಲು ಬಾಯಿ ತೆರೆದವನು ಅಲ್ಲೇ ನಿಂತ. ಎದುರಾಡಬೇಕಾದರೆ ಒಂದು ವಿಷಯ ಒಪ್ಪಿಕೊಳ್ಳಬೇಕಿತ್ತು: ಹೆಂಡತಿ ಮತ್ತೆ ಪಕ್ಕಕ್ಕೆ ಬಂದು ಮನಸ್ಸು ಬಿಚ್ಚಿ ಮಾತಾಡಿದ ಮೊದಲ ರಾತ್ರಿ ತಾನು ಮೊದಲನೆಯ ವಾಕ್ಯಕ್ಕೇ ನಿದ್ದೆ ಹೋಗಿದ್ದೆ ಎಂದು. ಗೊರಕೆ ಇದ್ದಿದ್ದರೆ ನಿದ್ದೆ ಬಂದದ್ದು ಆಗಲೇ ಗೊತ್ತಾಗಿರುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಅವನು ಕೋಣೆಯೊಳಗಿನ ದಿಂಬಿನ ಕಡೆ ಒಮ್ಮೆ ತಿರುಗಿ ನೋಡಿದ.

"ಒಪ್ಪಿದ್ದೀನಿ ಅಂತ ಹೇಳು" ಎಂದ, ಸಣ್ಣ ಧ್ವನಿಯಲ್ಲಿ.

ಟೀಚರು ಫೋನು ಇಟ್ಟು, ಕಾಫಿ ಲೋಟ ಅವನ ಕೈಗಿತ್ತರು. ಮುಖದಲ್ಲಿ ಏನೂ ಗೊತ್ತಾಗುವಂತಿರಲಿಲ್ಲ. ತುಟಿಯ ಒಂದು ಕೊನೆ ಮಾತ್ರ ಸ್ವಲ್ಪ ಮೇಲಿತ್ತು.

"ಹಾಗೇ ಇನ್ನೊಂದಕ್ಕೂ ಒಪ್ಪಿದ್ರಲ್ಲ, ಅದೂ ನೆನಪಿದೆ ತಾನೇ?"

"ನೆನಪಿಲ್ದೆ ಏನು!" ಎಂದ ಮೇಸ್ತ್ರಿ ಗಟ್ಟಿಯಾಗಿ.

ಅದು ಏನು ಎಂದು ಕೇಳುವ ಧೈರ್ಯ ಅವನಿಗೆ ಇವತ್ತಿನವರೆಗೂ ಬಂದಿಲ್ಲ.